ಖಾಲಿ ತಾಸು

ಆಫೀಸಿನ ಮುಂದ, ಬೇವಿನ ಗಿಡದ ಬುಡಕ
ಒಂದು ಟೇಬಲ್ಲು, ಎರಡು ಕುರ್ಚಿ.
ಒಂದರ ಕಾಲಿಗೆ ಹಂಚಿನ ಚೂರು ಕೊಟ್ಟೇವಿ,
ಹೊಸಬರು ಕುಂತಾಗ ಅಲುಗಬಾರದಂತ.
ಅಲುಗೂದು ನಮಗ.

ನನ್ನ ಎದಿಮ್ಯಾಲೆ ಪಿನ್ನು ಚುಚ್ಚಿದ ಚೀಟಿ:
‘ಕೇಳ್ರಿ, ನಾವೂ ಹೊಸಬರು ಇದ್ವಿ.’
ಧಾರವಾಡದ ಮಳಿ, ಬಿಟ್ಟಂಗ ಮಾಡಿ ಹಿಡೀತೈತಿ.
ಎರಡು ದಿನದಾಗ ನಡುವಿನ ಮಸಿ ತೊಳದು
‘ಕೇಳ್ರಿ, ನಾವೂ ಇದ್ವಿ’ ಅಂತಷ್ಟ ಉಳೀತು.

ಟ್ರೇನಿಂಗಿನ್ಯಾಗ ಹನ್ನೆರಡು ಪ್ರಶ್ನಿ, ಹನ್ನೆರಡು ಉತ್ತರ
ಬಾಯಿಪಾಠ ಮಾಡಿಸಿದ್ರು.
ಬಸ್ ಪಾಸ್ ಎಲ್ಲಿ ಮಾಡಸೂದು,
ಸ್ಕಾಲರ್‌ಶಿಪ್ಪಿನ ಕಡೀ ತಾರೀಖು ಯಾವಾಗ,
ಇಂಗ್ಲಿಷು ತಿಳೀದಿದ್ರ ಯಾರ ಕಡೆ ಹೋಗೂದು,
ಯಾರರ ಕಾಡಿದ್ರ ಯಾರಿಗೆ ಫೋನ್ ಹಚ್ಚೂದು.
ಹಗಲೆಲ್ಲಾ ಅದನ್ನ ಒದರಿ ಒದರಿ
ನನ್ನ ದನಿ ಚಿಗರಿ ಬಸ್ಸಿನ ದನಿ ಆಗಿತ್ತು:
‘ಮುಂದಿನ ನಿಲ್ದಾಣ, ಗ್ರಂಥಾಲಯ.’

ಮೂರನೇ ದಿನ ಸಂಜಿಮುಂದ ಬಂದಳು
ನೀಲಗಂಗಾ, ರೋಣದ ಕಡೆಯಾಕಿ, ಬಿಎಸ್ಸಿ.
ಕೈಯಾಗ ತೊಯ್ದ ಛತ್ರಿ. ಕುಂದರಲಿಲ್ಲ.
ಬಸ್ ಪಾಸ್ ಆಗೇತಿ. ಸ್ಕಾಲರ್‌ಶಿಪ್ಪಿಂದೂ ಆಗೇತಿ.
ಇಂಗ್ಲಿಷು?
‘ಬರ್ತೈತಿ ಬಿಡ್ರಿ, ಎಲ್ಲಿಗೆ ಹೊಕ್ಕೈತಿ.’
ಛತ್ರಿ ತುದೀಲೆ ನೆಲಾ ಕೆರದಳು ಹೊತ್ತನ ತನಕಾ.
‘ಅಕ್ಕಾರ,
ಹನ್ನೊಂದಕ್ಕ ಒಂದು ತಾಸು ಮುಗೀತೈತಿ,
ಮುಂದಿಂದು ಎರಡಕ್ಕ.
ನಡುವ ಎಲ್ಲಿ ಕುಂದ್ರಬೇಕ್ರಿ?’

ಹದಿಮೂರನೇ ಪ್ರಶ್ನಿ.

ಕ್ಯಾಂಟೀನು, ಓದೂ ಕೋಣಿ ಅಂತ ಹೇಳಬಹುದಿತ್ತು.
ಆಕಿ ಕೇಳಿದ್ದು ಅದಲ್ಲ.
ಹೋದ ವರ್ಷ ಇದ ಮೂರು ತಾಸು
ಈ ಕಂಪೌಂಡಿನಾಗ ನಾನು ಬರೇ ನಡದೀನಿ,
ಎಲ್ಲೋ ಹೊಂಟಾಕಿಯಂಗ, ಲಗುಲಗು,
ಕೈಯಾಗ ಫೈಲು, ಫೈಲಿನಾಗ ಏನೂ ಇಲ್ಲ.
ನೋಟಿಸ್ ಬೋರ್ಡಿನ ಮುಂದ ನಿಂತು
ಯಾವುದೋ ವರ್ಷದ ಖೋಖೋ ತಂಡದ ಹೆಸರು ಓದೀನಿ,
ಬೇಕಂದ್ರ ಈಗೂ ಹೇಳ್ತೀನಿ:
ಫಕ್ಕೀರವ್ವ, ಜುಬೇದಾ, ಶಾಂತಲಾ ಬ., ಶಾಂತಲಾ ಹೆ.
ಊರಿಂದ ತಂದ ಬುತ್ತಿ ಬಿಚ್ಚಲಾರದ
ಹಂಗ ಹಾಸ್ಟೆಲಿಗೆ ಹೊತಗೊಂಡು ಹೋಗಿ
ಲೈಟ್ ಆರಿದ ಮ್ಯಾಲ ಕಡಕ ರೊಟ್ಟಿ ತಿಂದೀನಿ,
ಸಪ್ಪಳ ಆಗಬಾರದಂತ
ಬಾಯಾಗ ನೆನಸಿ ನೆನಸಿ.

‘ಬಾ’ ಅಂದೆ. ಚೀಟಿ ಬಿಚ್ಚಿ ಟೇಬಲಿನ ಮ್ಯಾಲಿಟ್ಟೆ.

ಕೆಮಿಸ್ಟ್ರಿ ಲ್ಯಾಬಿನ ಹಿಂದ, ನೀರಿನ ಟಾಕಿ ಬಾಜೂಕ
ಮೂರು ಮೆಟ್ಟಲ. ಎಲ್ಲಿಗೂ ಏರೂದಿಲ್ಲ,
ಬಾಗಲಾ ಮುಚ್ಚಿ ಗ್ವಾಡಿ ಕಟ್ಟ್ಯಾರ.
ನಡುವಿಂದು ಒಣಾ ಇರ್ತೈತಿ, ಎಷ್ಟ ಜಿಟಿಜಿಟಿ ಹಿಡೀಲಿ.
‘ಒಬ್ಬಾಕಿನ ಯಾಕ ಕುಂತಿ’ ಅಂತ ಯಾರೂ ಕೇಳೂದಿಲ್ಲ,
ಯಾಕಂದ್ರ ಯಾರಿಗೂ ಕಾಣೂದಿಲ್ಲ.
ಪಂಪಿನ ಮೌಲಾಸಾಬ ಬರ್ತಾನ ಹನ್ನೆರಡೂವರಿಗೆ,
ವಾಲ್ವ್ ತಿರವತಾನ, ಕೆಮ್ಮತಾನ, ಹೊಕ್ಕಾನ.

ಆಕಿ ಆ ಮೆಟ್ಟಲಾ ಅಂಗೈಲೆ ಸವರಿ ನೋಡಿದಳು,
ಸಂತ್ಯಾಗ ಅರಿವಿ ಮುಟ್ಟಿ ನೋಡಿದಂಗ.
‘ಸಾಕ್ರಿ. ಮತ್ತ ನಿಮಗ?’
ನನಗ ಬ್ಯಾರೆ ಐತಿ ಅಂದೆ.
ಇರಲಿಲ್ಲ.

ನಮ್ಮ ವಹಿಯಾಗ ಎರಡು ಕಾಲಂ: ಸಮಸ್ಯೆ, ಪರಿಹಾರ.
ಒಂದರಾಗ ‘ಖಾಲಿ ತಾಸು’ ಅಂತ ಬರದೆ,
ಇನ್ನೊಂದರಾಗ ‘ಮೆಟ್ಟಲ’.
ಮ್ಯಾಡಮ್ಮು ಕೆಂಪು ಪೆನ್ನಿಲೆ
ಒಂದು ಪ್ರಶ್ನಾರ್ಥಕ ಹಾಕಿ ಕಳಿಸಿದ್ರು.
ಅದಕ್ಕ ಉತ್ತರ ಬರೀಲಿಲ್ಲ ನಾನು.

ಟೇಬಲ್ಲು ಒಳಗ ಹೋಗಿ, ಗಣಪತಿ ಹಬ್ಬನೂ ಮುಗದು
ಒಂದಿನ ಮಧ್ಯಾಹ್ನ ಸುಮ್ಮನ ಆ ಕಡೆ ಹೋದ್ರ
ಮೂರೂ ಮೆಟ್ಟಲ ತುಂಬಿ
ಪರಿಚಯ ಇಲ್ಲದ ನಾಕು ಹುಡುಗ್ಯಾರು.
ನೀಲಗಂಗಾ ಎಲ್ಲಿ ಅಂದೆ.
‘ಆಕೀಗೆ ಈಗ ಪುರಸೊತ್ತು ಎಲ್ಲಿರತೈತ್ರಿ’
ಅಂದಳು ಒಬ್ಬಾಕಿ, ಸರದು ಜಾಗಾ ಮಾಡಿ.
‘ಹೊಸಾದಾಗಿ ಬಂದೀರೇನು? ಕುಂದರ್ರಿ,
ಇದು ಒಣಾ ಐತಿ.’

ಹೌದು ಅಂದೆ. ಕುಂತೆ.
ರೊಟ್ಟಿ ಮುರದು ಕೈಗೆ ಕೊಟ್ಟಳು.
ಕಟಕ್ ಅಂತು.